ಕಂಪನಿ ಕಾಕಾನ ಎಡಗಣ್ಣು

ಹೋದ ವಾರ ಅಂಗಡಿಯ ಹಳೆಯ ಮೇಜಿನ ಖಾನೆ ಸ್ವಚ್ಛ ಮಾಡುವಾಗ ಬೆರಳಿಗೆ ಏನೋ ಚುಚ್ಚಿತು. ಹೊರಗೆ ತೆಗೆದು ನೋಡಿದರೆ ಆಂಪೂಲು ಕೊರೆಯುವ ಸಣ್ಣ ಅರ. ಉಗುರಿನಷ್ಟು ಅಗಲದ ತಗಡು, ಒಂದು ಅಂಚಿಗೆ ಹಲ್ಲು, ಮೈತುಂಬ ತುಕ್ಕು. ಆಗೆಲ್ಲ ಇಂಜೆಕ್ಷನ್ನಿನ ಔಷಧ ಕಿರುಬೆರಳಿನಂಥ ಗಾಜಿನ ಆಂಪೂಲಿನಲ್ಲಿ ಬರುತ್ತಿತ್ತು. ಅದರ ಕುತ್ತಿಗೆಗೆ ಈ ಅರದಿಂದ ಒಂದು ಗೀರು ಹಾಕಿ, ಹೆಬ್ಬೆರಳು ಒತ್ತಿ ಮುರಿಯಬೇಕು. ಪ್ರತಿ ಡಬ್ಬಿಯೊಳಗೂ ಇಂಥದೊಂದು ಇರುತ್ತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಾಗ ಗಾಜಿನ ಕುತ್ತಿಗೆ ಮುರಿಯುವ ಸದ್ದು ಕೇಳಿಸಿದಂತಾಯಿತು... ಒಂದಲ್ಲ, ಸಾಲಾಗಿ, ಬಿಡುವಿಲ್ಲದೆ. ಅದರ ಹಿಂದೆಯೇ ಕಂಪನಿ ಕಾಕಾನ ಬೈಗುಳ.

ನಾನು ಮದುವೆಯಾಗಿ ಸಿಂಧನೂರಿಗೆ ಬಂದದ್ದು ಎಂಬತ್ತರ ದಶಕದ ನಡುವೆ. ಮುಂದೆ ನಮ್ಮವರ ಔಷಧದ ಅಂಗಡಿ, ಹಿಂದೆ ಎರಡು ಖೋಲಿಯ ಮನೆ, ಪಕ್ಕದ ಗೋಡೆಗೆ ಹತ್ತಿಕೊಂಡೇ ಡಾಕ್ಟರ ಸಣ್ಣ ದವಾಖಾನೆ. ಕಾಕಾ ಹೈದರಾಬಾದಿನ ಒಂದು ಔಷಧ ಕಂಪನಿಯ ಪ್ರತಿನಿಧಿ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಒಂದು ರಸ್ತೆ ಅವರ ಪಾಲಿಗೆ ಬಂದಿತ್ತು. ಬೆಳಿಗ್ಗೆ ಲಿಂಗಸುಗೂರಿನಲ್ಲಿ ಬಸ್ಸು ಹತ್ತುವುದು, ಮಸ್ಕಿಯಲ್ಲಿ ಇಳಿದು ಅಂಗಡಿಗಳಿಗೆ ಸುತ್ತುವುದು, ಮಧ್ಯಾಹ್ನದ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಚರ್ಮದ ಚೀಲ ಇಳಿಸಿ "ಏ ಮಗಳ, ನೀರು ಕೊಡವ್ವಾ" ಅನ್ನುವುದು. ಮೂಲ ಊರು ಸಂತೆಕಲ್ಲೂರಿನ ಕಡೆ. ಮಂದಿ ಅವರಿಗೆ ಕಂಪನಿಯವರು ಅನ್ನುತ್ತಿದ್ದರು, ನಾನು ಕಾಕಾ ಅನ್ನುತ್ತಿದ್ದೆ, ಎರಡೂ ಕೂಡಿ ಕಂಪನಿ ಕಾಕಾ ಆಯಿತು.

ಕಾಕಾ ಸಿಟ್ಟಿನ ಮನುಷ್ಯ. ಸಿಟ್ಟು ಮೂಗಿನ ತುದಿಯಲ್ಲಲ್ಲ, ಮುಷ್ಟಿಯಲ್ಲೇ ಇರುತ್ತಿತ್ತು. ಬೇರೆ ಕಂಪನಿಯವನು ಇವರ ಡಬ್ಬಿಗಳನ್ನು ಹಿಂದೆ ಸರಿಸಿ ತನ್ನವನ್ನು ಮುಂದೆ ಇಟ್ಟಿದ್ದನೆಂದು ಅವನ ಚೀಲವನ್ನೇ ಗಟಾರಕ್ಕೆ ಎಸೆದಿದ್ದರು. ಇನ್ನೊಂದು ಸಲ, ತಾರೀಖು ಮುಗಿದ ಔಷಧ ಮಾರುತ್ತಿದ್ದ ಮಸ್ಕಿಯ ಅಂಗಡಿಕಾರನ ಕಪಾಳಕ್ಕೆ ಹೊಡೆದು, ಅವನಿಂದಲೂ ಹೊಡೆಸಿಕೊಂಡು, ಅಂಗಿಯ ಕಿಸೆ ಹರಿದುಕೊಂಡು ಬಂದರು. ನನ್ನಿಂದ ಸೂಜಿ ದಾರ ಇಸಿದುಕೊಂಡು ಕಟ್ಟೆಯ ಮೇಲೆ ತಾವೇ ಹೊಲಿಯುತ್ತ ಕೂತರು.

ನಮ್ಮವರು ಕೆಣಕಿದರು: "ಏನ್ರೀ ಕಂಪನಿಯವ್ರ, ಔಷಧಿ ಮಾರಿ ಬಂದ್ರೋ, ಕುಸ್ತಿ ಹಿಡದು ಬಂದ್ರೋ?"

"ಎರಡೂ ಒಂದ, ತಮ್ಮಾ. ಮಸ್ಕ್ಯಾಗ ಕೈ ಎತ್ತಲಾರದ ಆರ್ಡರ್ ಸಿಗೂದಿಲ್ಲ."

ಕಂಪನಿಯ ಹುಟ್ಟನ್ನು ಅವರು ಹೇಳುವ ರೀತಿ ಪುರಾಣ ಹೇಳಿದ ಹಾಗಿರುತ್ತಿತ್ತು. ಹೈದರಾಬಾದಿನ ಹೊರಗೆ ಒಂದು ತಗಡಿನ ಶೆಡ್ಡು. ಅದರೊಳಗೆ ರಸಾಯನ ಕುದಿಸುವ ಒಂದೇ ಒಂದು ಕಡಾಯಿ, ಅದೂ ಯಾರೋ ಬಳಸಿ ಬಿಟ್ಟದ್ದು. ಓದಿದ ಮಾಲೀಕ ಅದರ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದನಂತೆ. ಕಾಕಾ ಆಗ ಅಲ್ಲಿ ಕಡಾಯಿ ನೋಡಿಕೊಳ್ಳುವ ಆಳು. ಒಂದು ದಿನ ಕಡಾಯಿ ಸಿಡಿಯಿತು. ಶೆಡ್ಡಿನ ತಗಡು ಹಾರಿ ಪಕ್ಕದ ಹೊಲದಲ್ಲಿ ಬಿತ್ತು. ಜೊತೆಗಿದ್ದ ಆಳು ಅಲ್ಲೇ ಸುಟ್ಟು ಸತ್ತ. ಕಾಕಾನ ಬಲಗೈ ಮೊಣಕೈಯವರೆಗೆ ಬೆಂದಿತು. ಆ ಚರ್ಮ ಮುದುಡಿದ ಕಾಗದದ ಹಾಗಿತ್ತು, ಬೇಸಿಗೆಯಲ್ಲೂ ಅವರು ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದರು. ಕೈ ವಾಸಿಯಾದ ಮೇಲೆ ಮಾಲೀಕ ಇವರನ್ನು ಊರ ಕಡೆಗೆ ಔಷಧ ಮಾರಲು ಕಳಿಸಿದ. ಸುಟ್ಟ ಕೈ ನೋಡಿಕೊಂಡೇ ಅವರು ಕಂಪನಿಯನ್ನು "ನಮ್ಮದು" ಅನ್ನುತ್ತಿದ್ದರು, ಹೊಲದವನು ಹೊಲವನ್ನು ಅಂದಂತೆ.

ಮುಂದೆ ಮಾಲೀಕ, ಮಂದಿ ಕಂಡುಹಿಡಿದದ್ದನ್ನು ನಕಲು ಮಾಡಿ ಬದುಕಿದ್ದು ಸಾಕು ಎಂದು, ಕಾರ್ಖಾನೆಯ ಹಿಂದೆ ಎರಡು ಖೋಲಿ ಕಟ್ಟಿಸಿ ಸಂಶೋಧನೆಯ ವಿಭಾಗ ತೆರೆದ. ಅಂದಿನಿಂದ ಕಾಕಾನ ಎದೆ ಒಂದು ಗೇಣು ಹೆಚ್ಚಾಯಿತು.

"ನಮ್ಮದು ಬರೇ ಗುಳಿಗಿ ಕಂಪನಿ ಅಲ್ಲೋ. ರಿಸರ್ಚ್ ಕಂಪನಿ."

"ಎರಡು ಖೋಲಿ ರಿಸರ್ಚ್ ಏನ್ರಿ?" ನಮ್ಮವರ ಮಾತು.

"ನಿನ್ನ ಸಂಸಾರನೂ ಎರಡ ಖೋಲಿಯಾಗ ಐತಿ. ಅದೇನು ಸಂಸಾರ ಅಲ್ಲೇನು?"

ನಾನು ಒಳಗೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಭತ್ತ ತೆನೆ ಕಟ್ಟುವ ಕಾಲಕ್ಕೆ ನಮ್ಮ ಓಣಿಯ ಗಾಳಿ ಬೇರೆಯಾಗುತ್ತಿತ್ತು. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅನ್ನುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬರಿಮೈಯಲ್ಲಿ, ಗಾಳಿಗೆ ಎದುರಾಗಿ ಎಣ್ಣಿ ಹೊಡೆಯುತ್ತಿದ್ದ ಆಳುಗಳು ಗದ್ದೆಯಲ್ಲೇ ಬಿದ್ದುಬಿಡುತ್ತಿದ್ದರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಕಿಕೊಂಡು ತರುತ್ತಿದ್ದರು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದು. ಆ ವಿಷಕ್ಕೆ ಡಾಕ್ಟರ ಬಳಿ ಇದ್ದ ಮುಖ್ಯ ಮದ್ದು ಒಂದೇ ಇಂಜೆಕ್ಷನ್ನು, ಕಾಕಾನ ಕಂಪನಿಯದು. ಆದರೆ ಒಂದು ಆಂಪೂಲಿನಲ್ಲಿ ಅದು ನಾಲ್ಕು ಹನಿ. ಒಬ್ಬ ಮನುಷ್ಯನನ್ನು ಉಳಿಸಲು ಡಬ್ಬಿಗಟ್ಟಲೆ ಬೇಕು. ಒಂದೊಂದೇ ಕೊರೆಯುವುದು, ಮುರಿಯುವುದು, ಸಿರಿಂಜಿಗೆ ಎಳೆಯುವುದು. ಒಬ್ಬರ ಕೈ ಸೋತರೆ ಇನ್ನೊಬ್ಬರು. ನಾನೂ ಎಷ್ಟೋ ಸಲ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಮುರಿದಿದ್ದೇನೆ. ಸೆರಗಿಗೆ ಅಂಟಿದ ರಕ್ತ ನನ್ನದೋ ರೋಗಿಯದೋ ತಿಳಿಯುತ್ತಿರಲಿಲ್ಲ.

ಆ ಮದ್ದಿನ ಇನ್ನೊಂದು ಗುಣ ನೋಡಿದವರಿಗಷ್ಟೇ ಗೊತ್ತು. ವಿಷ ಇಳಿಯುವ ಮಟ್ಟಕ್ಕೆ ಅದನ್ನು ಕೊಟ್ಟರೆ ಮನುಷ್ಯನಿಗೆ ಭ್ರಮೆ ಹತ್ತುತ್ತದೆ. ಬಾಯಿ ಒಣಗಿ ಬಿರಿಯುತ್ತದೆ, ಕಣ್ಣು ಕೆಂಡವಾಗುತ್ತದೆ, ಇಲ್ಲದ್ದನ್ನು ಗಾಳಿಯಲ್ಲಿ ಹಿಡಿಯುತ್ತಾನೆ, ಎದ್ದು ಓಡಲು ನೋಡುತ್ತಾನೆ. ಡಾಕ್ಟರಿಗೆ ಅದು ಮದ್ದು ಹತ್ತಿದ ಗುರುತು. ಹೊರಗಿನವರಿಗೆ ಅದು ಹುಚ್ಚು.

ಎಣ್ಣಿ ಹೊಡೆಯುತ್ತ ಗದ್ದೆಯಲ್ಲಿ ಬಿದ್ದ, ಹತ್ತಿರದ ಹಳ್ಳಿ ಮುಕ್ಕುಂದದ ಹುಡುಗನನ್ನು ತಂದದ್ದು ಒಂದು ಬೆಳಿಗ್ಗೆ. ಇಪ್ಪತ್ತರ ಆಚೀಚೆ ವಯಸ್ಸು, ಎತ್ತಿನಂಥ ಮೈ. ಟ್ರ್ಯಾಕ್ಟರಿನಲ್ಲಿ ಜೊತೆಗೆ ತಾಯಿ, ಹಿಂದೆ ಮೋಟಾರ್‌ಸೈಕಲ್ಲಿನ ಮೇಲೆ ಅವನ ಅಣ್ಣ. ಡಾಕ್ಟರು ಮೈಗೆ ಅಂಟಿದ ಎಣ್ಣಿಯನ್ನು ಸಾಬೂನು ಹಚ್ಚಿ ತೊಳೆಸಿದರು, ಮದ್ದು ಶುರು ಮಾಡಿದರು. ಕಾಂಪೌಂಡರು ಅಂದು ಊರಲ್ಲಿರಲಿಲ್ಲ. ಅಂದು ಮಸ್ಕಿಯಲ್ಲಿ ಇಳಿಯದೆ ನೇರ ಬಂದು ಆಗ ತಾನೇ ಬಸ್ಸಿಳಿದ ಕಾಕಾ ಚೀಲ ಮೂಲೆಗೆ ಒಗೆದು ಆಂಪೂಲು ಮುರಿಯಲು ಕೂತರು. ನಾನು ಅವರ ಎದುರು. ನಮ್ಮವರು ಅಂಗಡಿಯಲ್ಲಿದ್ದ ಡಬ್ಬಿಗಳನ್ನೆಲ್ಲ ತಂದು ಸ್ಟೂಲಿನ ಮೇಲೆ ಪೇರಿಸಿ ಗಿರಾಕಿ ನೋಡಲು ಹೋದರು.

ಮಧ್ಯಾಹ್ನದ ಹೊತ್ತಿಗೆ ನೊರೆ ನಿಂತಿತು, ಹುಡುಗ ಎದ್ದು ಕೂತ. ನಂತರ ಸಲಾಯಿನ್ನಿನ ನಳಿಕೆ ಕಿತ್ತುಕೊಂಡು ಗೋಡೆಗೆ ತಲೆ ಬಡಿಯತೊಡಗಿದ. ನಾಲ್ಕು ಜನ ಹಿಡಿದು, ಟ್ರ್ಯಾಕ್ಟರಿನ ಹಗ್ಗದಿಂದ ಅವನ ಎರಡೂ ಕೈಗಳನ್ನು ಕಬ್ಬಿಣದ ಮಂಚಕ್ಕೆ ಬಿಗಿದರು. ಕಾಲಿಗೆ ಅವನ ಅಣ್ಣನದೇ ರುಮಾಲು. ಅವನು ಹಗ್ಗ ಜಗ್ಗಿದ ಹೊಡೆತಕ್ಕೆ ಮಂಚ ನೆಲ ಕೆರೆಯುತ್ತಿತ್ತು. ಒಣಗಿದ ನಾಲಿಗೆಯಿಂದ ಒಂದೇ ಮಾತು ಬರುತ್ತಿತ್ತು: ನೀರು.

ಡಾಕ್ಟರು ಪಕ್ಕದ ಖೋಲಿಯ ಹೆರಿಗೆಗೆ ಹೋಗುವಾಗ ಎಲ್ಲರಿಗೂ ಕೇಳುವಂತೆ ಹೇಳಿದ್ದರು: "ಎಷ್ಟ ಕೇಳಿದ್ರೂ ನೀರು ಕೊಡಬ್ಯಾಡ್ರಿ. ಎಚ್ಚರ ಇಲ್ಲ, ಎದಿಗೆ ಇಳದು ಉಸಿರು ಕಟ್ಟತೈತಿ."

ತಾಯಿಗೆ ಆ ಮಾತು ಹೇಗೆ ಕೇಳಿಸಿತೋ... ನಮ್ಮ ಕಡೆ ಸಾಯುವವರ ಬಾಯಿಗೆ ಹೆತ್ತವರ ಕೈಯ ನೀರು ಬೀಳದಿದ್ದರೆ ಜೀವ ತಿರುಗಾಡುತ್ತದೆ ಅನ್ನುತ್ತಾರೆ. ನೀರು ಬೇಡಿದ ಬಾಯಿಗೆ ಇಲ್ಲವೆನ್ನುವುದಕ್ಕಿಂತ ದೊಡ್ಡ ಪಾಪ ಇಲ್ಲ. ಆಕೆ ಮಗ ಸಾಯುತ್ತಿದ್ದಾನೆಂದೇ ತಿಳಿದಿದ್ದಳು. ಹೊರಗಿನ ಗಡಿಗೆಯಿಂದ ತಂಬಿಗೆ ತುಂಬಿಕೊಂಡು ಬಂದು ಅವನ ತುಟಿಗೆ ಹಿಡಿದಳು. ಕಾಕಾ ತಲೆ ಎತ್ತಿ ನೋಡಿದವರೇ ಕೂತಲ್ಲಿಂದಲೇ ಕೈ ಬೀಸಿದರು. ತಂಬಿಗೆ ಗೋಡೆಗೆ ಬಡಿದು ಬಿತ್ತು. ಆಕೆಯೂ ಆಯ ತಪ್ಪಿ ನೆಲಕ್ಕೆ ಕುಸಿದಳು.

"ಕೊಲ್ಲತಿಯೇನಬೇ ಮಗನ್ನ?" ಎಂದು ಕಾಕಾ ಗದರಿದರು. ಮೆತ್ತಗೆ ಹೇಳುವುದು ಅವರಿಗೆ ಗೊತ್ತಿರಲಿಲ್ಲ.

ಅಣ್ಣ ಬಾಗಿಲಲ್ಲಿದ್ದ. ಅವನು ಕಂಡದ್ದು ನೆಲದ ಮೇಲೆ ಬಿದ್ದ ತಾಯಿ, ಉರುಳುವ ತಂಬಿಗೆ, ನೀರಿಗಾಗಿ ಕೂಗುವ ತಮ್ಮ.

"ಸುಮ್ಮ ಮಲಗಿದ್ದವಗ ಹುಚ್ಚು ಹಿಡಿಸಿ, ಸಾಯೋ ಬಾಯಿಗೆ ನೀರೂ ಬ್ಯಾಡ ಅಂತಿಯೇನಲೇ?"

ಸಲಾಯಿನ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬವನ್ನು ಅವನು ಕಿತ್ತೆತ್ತಿದ. ಮೊದಲ ಏಟು ಸ್ಟೂಲಿಗೆ ಬಿತ್ತು. ಡಬ್ಬಿಗಳು ಚೆಲ್ಲಿ, ಆಂಪೂಲುಗಳು ಅವನ ಚಪ್ಪಲಿಯಡಿ ಹುರಿದ ಕಡಲೆಯ ಹಾಗೆ ಸಿಡಿದವು. ಡಬ್ಬಿಗಳಿಗೆ ಮೈ ಅಡ್ಡ ಹಾಕಲು ಬಾಗಿದ ಕಾಕಾನ ಮುಖಕ್ಕೆ ಎರಡನೆಯ ಏಟು ಬಿತ್ತು. ಕಂಬದ ತುದಿಯ ಕೊಕ್ಕೆ ಎಡಗಣ್ಣಿಗೆ ಹೊಕ್ಕಿತು. ಅವರು ಕೂಗಲಿಲ್ಲ. ಕೂಗಿದ್ದು ನಾನು.

ಡಾಕ್ಟರು ಓಡಿಬಂದು ಮೊದಲು ನೋಡಿದ್ದು ನೆಲವನ್ನು. ಮದ್ದು ನೆಲದ ಮೇಲೆ ನೀರಾಗಿ ಹರಿದಿತ್ತು. ಉಳಿದ ಆಂಪೂಲುಗಳನ್ನು ಆರಿಸಿದರೆ ಒಂದು ಬೊಗಸೆಯೂ ಆಗಲಿಲ್ಲ.

"ಇದು ನಿಂತ್ರ ವಿಷ ಮತ್ತ ಏರತೈತಿ," ಅಂದರು ಅಣ್ಣನಿಗೆ. "ನಿನ್ನ ತಮ್ಮ ಹುಚ್ಚ ಆಗಿದ್ದಿಲ್ಲೋ. ಬದುಕಾಕತ್ತಿದ್ದ. ಹೊತ್ತು ಮುಳುಗೋದ್ರಾಗ ಮದ್ದು ಸಿಗಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

ಅಣ್ಣನ ಕೈಯಿಂದ ಕಂಬ ಜಾರಿತು. ಊರಲ್ಲಿ ಬೇರೆ ಅಂಗಡಿಗಳಲ್ಲಿದ್ದದ್ದು ಆ ವಾರದ ರೋಗಿಗಳಿಗೇ ಖರ್ಚಾಗಿತ್ತು. ಫೋನು ಹಚ್ಚಿದರೆ ಗಂಟೆಗಟ್ಟಲೆ ಕಾಯಬೇಕಾದ ಕಾಲ. ಆಗ ಕಾಕಾ ಗೋಡೆ ಹಿಡಿದು ಎದ್ದರು. ನನ್ನ ಕೈಯಲ್ಲಿದ್ದ ಟವೆಲು ಕಸಿದು ಕಣ್ಣಿಗೆ ಒತ್ತಿಕೊಂಡರು. ಬೆರಳ ಸಂದಿಯಿಂದ ರಕ್ತ ಇಳಿದು ತುಂಬುತೋಳಿನೊಳಗೆ ಹೋಗುತ್ತಿತ್ತು.

"ಮಸ್ಕ್ಯಾಗ ಒಬ್ಬನ ಹತ್ರ ಇಟ್ಟೀನಿ. ಉಳಿದದ್ದು ಲಿಂಗಸುಗೂರಾಗ. ನಾ ಹೋಗಲಾರದ ಅವ್ರು ಕೊಡೂದಿಲ್ಲ." ಮತ್ತೊಂದು ಕೈಯಿಂದ ಅಣ್ಣನ ಕೊರಳಪಟ್ಟಿ ಹಿಡಿದರು. "ಗಾಡಿ ತಗಿಯಲೇ."

ಡಾಕ್ಟರು ತಡೆದರು. ಮೊದಲು ರಾಯಚೂರಿಗೆ ಹೋಗ್ರಿ, ಕಣ್ಣು ಉಳಿದೀತು ಅಂದರು. ಕಾಕಾ ಕೇಳಿಸಿಕೊಳ್ಳಲಿಲ್ಲ. ಹೊಡೆದವನ ಬೆನ್ನ ಹಿಂದೆ, ಅವನದೇ ಮೋಟಾರ್‌ಸೈಕಲ್ಲಿನ ಮೇಲೆ ಕೂತು ಮಸ್ಕಿಯ ದಾರಿ ಹಿಡಿದರು.

ದಾರಿಯ ಕಥೆಯನ್ನು ಅವರೇ ಮುಂದೆ ಹೇಳಿದರು, ಸ್ವಲ್ಪ ಹೆಚ್ಚಿಸಿಯೇ ಹೇಳಿರಬೇಕು. ರಸ್ತೆ ಕೆಟ್ಟಿತ್ತು, ಅಣ್ಣ ಅಳುತ್ತ ನಿಧಾನ ಮಾಡುತ್ತಿದ್ದ. ಇವರು ಅವನ ಪಕ್ಕೆಗೆ ಗುದ್ದುತ್ತ ಹೋದರಂತೆ: "ಕಣ್ಣಿಗೆ ಹೊಡಿಯಾಕ ಬರತೈತಿ, ಗಾಡಿ ಹೊಡಿಯಾಕ ಬರೂದಿಲ್ಲೇನಲೇ?" ಮಸ್ಕಿಯಲ್ಲಿ ಹಿಂದೆ ಹೊಡೆಸಿಕೊಂಡಿದ್ದ ಅದೇ ಅಂಗಡಿಕಾರ ಇವರ ಮುಖ ನೋಡಿದ್ದೇ ಮಾತಿಲ್ಲದೆ ಡಬ್ಬಿ ತೆಗೆದಿಟ್ಟ. ಲಿಂಗಸುಗೂರಿನಲ್ಲಿ ಅಂಗಡಿ ಬಾಗಿಲು ಹಾಕಿತ್ತು, ಮಾಲೀಕ ಊಟಕ್ಕೆ ಹೋಗಿದ್ದ. ಕಾಕಾ ಕಲ್ಲಿನಿಂದ ಕೀಲಿ ಒಡೆದರು.

ಹೊತ್ತು ಮುಳುಗುವ ಮೊದಲೇ ಬಂದರು. ಡಬ್ಬಿಗಳನ್ನು ನನ್ನ ಮಡಿಲಿಗೆ ಸುರಿದು "ಮುರಿಯವ್ವಾ, ಮುರಿ" ಅಂದು ಅಲ್ಲೇ ಬಾಗಿಲಲ್ಲಿ ಬಿದ್ದರು.

ಹುಡುಗ ಉಳಿದ. ಕಣ್ಣು ಉಳಿಯಲಿಲ್ಲ. ತಡವಾಯಿತು ಅಂದರಂತೆ ರಾಯಚೂರಿನಲ್ಲಿ.

ಹುಡುಗನಿಗೆ ಎಚ್ಚರ ಬಂದಾಗ ಬೆನ್ನ ಮೇಲಿನ ಪಂಪಿನ ಭಾರ ಬಿಟ್ಟು ಏನೂ ನೆನಪಿರಲಿಲ್ಲ. ಆ ಮದ್ದು ನಡುವಿನ ದಿನಗಳನ್ನು ಅಳಿಸಿಬಿಡುತ್ತದೆ ಎಂದು ಡಾಕ್ಟರು ಹೇಳಿದರು. ಪೊಲೀಸರಿಗೆ ಹೇಳೋಣವೆಂದು ನಮ್ಮವರು ಎದ್ದರೆ ಕಾಕಾ ಮಂಚದ ಮೇಲಿಂದಲೇ ಬೈದರು: "ಕೇಸು ಆದ್ರ ಪೇಪರಿನ್ಯಾಗ ಏನಂತ ಬರತೈತಿ? ಈ ಕಂಪನಿ ಇಂಜೆಕ್ಷನ್ ಹುಚ್ಚು ಹಿಡಸತೈತಿ ಅಂತ. ನಾಳೆ ಯಾವನೂ ತೋಳು ಚಾಚೂದಿಲ್ಲ. ಬಸ್ಸಿನ ಬಾಗಲಾ ಬಡೀತು ಅನ್ರಿ." ಹಾಗೆಯೇ ಅಂದೆವು. ಅಣ್ಣನೂ ತಾಯಿಯೂ ಹಾಗೆಯೇ ಅಂದರು.

ಆದರೆ ಕಾಕಾ ಕ್ಷಮಿಸಲಿಲ್ಲ. ಅದನ್ನು ಮುಚ್ಚಿಡಬಾರದು. ಸುಗ್ಗಿಗೆ ಅಣ್ಣ ಹೊಸ ಅಕ್ಕಿಯ ಚೀಲ ತಂದು ನಮ್ಮ ಕಟ್ಟೆಗೆ ಇಳಿಸಿದಾಗ "ನಾ ಜ್ವಾಳಾ ತಿನ್ನಾವ. ನೀರಾವರಿ ಮಂದಿ ಅಕ್ಕಿ ನನಗ ಅರಗೂದಿಲ್ಲ" ಎಂದು ಕಾಲಿನಿಂದ ಚೀಲ ಉರುಳಿಸಿದರು. ಉಳಿದ ಹುಡುಗ ಏನೂ ತಿಳಿಯದೆ, ಜೀವ ಉಳಿಸಿದ ಕಂಪನಿಯವರೆಂದು, ಬಸ್ ಸ್ಟ್ಯಾಂಡಿನಲ್ಲಿ ಚಹಾ ತಂದು ಕೊಟ್ಟರೆ ಮುಖ ತಿರುಗಿಸಿ ಹೋದರು. ಅವನು ಕಪ್ಪು ಹಿಡಿದುಕೊಂಡು ನಿಂತಿದ್ದನ್ನು ನಾನು ಕಂಡಿದ್ದೇನೆ.

ಕಣ್ಣಿನ ಪಟ್ಟಿ ಬಿಚ್ಚುವ ಮೊದಲೇ ಅವರು ಹೈದರಾಬಾದಿಗೆ ಹೋದರು. ಒಡೆದ ಆಂಪೂಲುಗಳನ್ನು ಗುಡಿಸಿ ಕಟ್ಟಿಟ್ಟಿದ್ದ ಗಂಟನ್ನು ಕಂಪನಿಯ ಮೀಟಿಂಗಿನಲ್ಲಿ ಮೇಜಿನ ಮೇಲೆ ಸುರಿದು, ದೊಡ್ಡ ಬಾಟಲಿ ಮಾಡ್ರಿ, ಇಲ್ಲಾ ಇದನ್ನ ನೀವ ತಿನ್ರಿ ಅಂದರಂತೆ. ಎಷ್ಟು ನಿಜವೋ. ಆದರೆ ಮುಂದಿನ ಬೇಸಿಗೆಗೆ ಅವರು ಹೆಸರಿಲ್ಲದ ದೊಡ್ಡ ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ ತಂದದ್ದು ನಿಜ. ನಮ್ಮ ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಅವನ್ನು ಇಡಿಸಿದರು. ನಮ್ಮ ಸೆಕೆಗೆ ತಡೆದ ಔಷಧ ಎಲ್ಲಿಯಾದರೂ ತಡೆಯುತ್ತದೆಂದು ಸಂಶೋಧನೆಯವರ ಲೆಕ್ಕ. ಅಟ್ಟಕ್ಕೆ ಹತ್ತಿ ನೋಡುವ ಕೆಲಸ ನನ್ನದು. ಒಂದು ಬೇಸಿಗೆಯಲ್ಲಿ ಬಣ್ಣ ಕೆಟ್ಟಿತು. ಮರುವರ್ಷ ರಬ್ಬರಿನ ಬಿರಡೆ ಮೆತ್ತಗಾಗಿ ಅಂಟಿತು. ಪ್ರತಿ ಸಲವೂ ಮಳೆಗೆ ಮುಂಚೆ ಒಯ್ದು, ಹೈದರಾಬಾದಿನಲ್ಲಿ ಜಗಳಾಡಿ, ಹೊಸವನ್ನು ತರುತ್ತಿದ್ದರು. ಕೊನೆಗೊಂದು ವರ್ಷ ಬಾಟಲಿ ಇಟ್ಟ ಹಾಗೇ ತಿಳಿಯಾಗಿ ಉಳಿಯಿತು. ಆಮೇಲೆ ಒಂದೇ ಸೂಜಿ ಚುಚ್ಚಿ ಬೇಕಾದಷ್ಟು ಎಳೆದುಕೊಳ್ಳುವ ಬಾಟಲಿ ನಮ್ಮ ಅಂಗಡಿಗೆ ಬಂತು. ಬೆರಳು ಕೊಯ್ದುಕೊಳ್ಳುವುದು ತಪ್ಪಿತು. ಎಷ್ಟೋ ಮಂದಿ ಉಳಿದರು.

ಕಂಪನಿ ಬೆಳೆಯಿತು. ತೊಂಬತ್ತರ ದಶಕದಲ್ಲಿ ಎರಡು ಖೋಲಿ ಹೋಗಿ ಗಾಜಿನ ಕಟ್ಟಡ ಬಂತು, ಪರದೇಶಕ್ಕೆ ಮಾಲು ಹೋಯಿತು, ಟೈ ಕಟ್ಟಿದ ಹುಡುಗರು ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಹೊಸ ಗುಳಿಗೆ ಹಿಡಿದು ಬಂದರು. ಕಂಪನಿ ದೊಡ್ಡದಾದಂತೆ ಆ ಬಾಟಲಿ ಸಣ್ಣದಾಯಿತು. ಲಾಭವಿಲ್ಲವೆಂದು ಅದನ್ನು ನಿಲ್ಲಿಸಿದರು, ನಾವು ಬೇರೆ ಕಡೆಯಿಂದ ತರಿಸತೊಡಗಿದೆವು. ಆ ಸುದ್ದಿ ಹೇಳಿದ ಮ್ಯಾನೇಜರನನ್ನು ಕಾಕಾ ತುಂಬಿದ ಸಭೆಯಲ್ಲಿ ಟೈ ಹಿಡಿದು ಎಳೆದು ಹೊಡೆದರು. ಸುಟ್ಟ ಕೈಯಿಂದಲೇ ಹೊಡೆದರಂತೆ. ಅಲ್ಲಿಗೆ ಕೆಲಸ ಮುಗಿಯಿತು. ಲಿಂಗಸುಗೂರಿನ ಅಕ್ಕನ ಮನೆಯಲ್ಲಿ ಇದ್ದರು, ನಾಲ್ಕಾರು ವರ್ಷಗಳಲ್ಲಿ ಅಲ್ಲೇ ತೀರಿಕೊಂಡರು. ಬಸ್ಸಿನ ಕಂಡಕ್ಟರು ಕಿಟಕಿಯಿಂದಲೇ ಹೇಳಿ ಹೋದ... ಮಣ್ಣಿಗೂ ಹೋಗಲಾಗಲಿಲ್ಲ.

ಮೊನ್ನೆ ಮುಕ್ಕುಂದದವನು ಅಂಗಡಿಗೆ ಬಂದ. ಈಗ ಅವನೂ ಮೊಮ್ಮಕ್ಕಳನ್ನು ಕಂಡವನು. ತಲೆ ಬೋಳಿಸಿಕೊಂಡಿದ್ದ, ಅವನ ಅಣ್ಣ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ನಮ್ಮವರು ಊಟಕ್ಕೆ ಒಳಗೆ ಹೋಗಿದ್ದರು. ಗುಳಿಗೆ ತೆಗೆದುಕೊಂಡವನು ಹೋಗದೆ ನಿಂತ.

"ಅಕ್ಕಾರ, ಒಂದ ಮಾತು ಕೇಳ್ಲೇನ್ರಿ? ಅಣ್ಣ ಸಾಯೋ ಮುಂದ ಕಂಪನಿಯವ್ರ ಕಣ್ಣು, ಕಂಪನಿಯವ್ರ ಕಣ್ಣು ಅಂದು ಅಳಾಕತ್ತಿದ್ದ. ಮುಂದ ಮಾತು ಹೊಂಡಲಿಲ್ಲ. ನನಗ ಮೊದ್ಲಿಂದ ಸಂಶೇ ಇತ್ರಿ. ನಾ ಆವಾಗ ಹುಚ್ಚರಂಗ ಆಗಿದ್ನಂತ. ಅವ್ರು ನನ್ನ ಕಂಡ್ರ ಮಾರಿ ತಿರವತಿದ್ರು." ಗುಳಿಗೆಯ ಚೀಟಿ ಮಡಚುತ್ತ ಕೇಳಿದ. "ಆ ಕಣ್ಣು ನಾನ ತಗದಿದ್ನೇನ್ರಿ?"

ಇಷ್ಟು ವರ್ಷ ಈ ಮನುಷ್ಯ ಅದನ್ನು ಹೊತ್ತುಕೊಂಡು ತಿರುಗಿದ್ದ.

"ಇಲ್ಲಪಾ," ಅಂದೆ. "ನಿನ್ನ ಎರಡೂ ಕೈ ಮಂಚಕ್ಕ ಬಿಗದಿದ್ರು. ನಾ ಅಲ್ಲೇ ಇದ್ನಿ."

ಹಾಗಾದರೆ ಯಾರು ಎಂದು ಅವನು ಕೇಳಲಿಲ್ಲ. "ಮತ್ತ ಅಣ್ಣ..." ಅಂದವನು ಅಲ್ಲಿಗೇ ನಿಲ್ಲಿಸಿದ. ನಾನೂ ಮುಂದುವರಿಸಲಿಲ್ಲ.

"ಲಿಂಗಸುಗೂರಾಗ ಅವ್ರ ಮನಿ ಎಲ್ಲಿ ಬರತೈತ್ರಿ?"

"ಅವ್ರದು ಮನಿ ಇದ್ದಿಲ್ಲ. ಅಕ್ಕನ ಹತ್ರ ಇದ್ರು. ಆಕಿನೂ ಹೋಗ್ಯಾಳ."

"ಯಾರೂ ಇಲ್ಲೇನ್ರಿ?"

"ಯಾರೂ ಇಲ್ಲಪಾ."

ತಲೆ ಆಡಿಸಿ ಮೆಟ್ಟಿಲಿಳಿದ. ಬಸ್ಸುಗಳು ನಮ್ಮ ಅಂಗಡಿಯ ಎದುರಿಗೇ ನಿಲ್ಲುತ್ತವೆ. ಮುಕ್ಕುಂದದ ಕಡೆಯ ಬಸ್ಸು ಬಂತು, ಅವನು ಹತ್ತಲಿಲ್ಲ. ಬಿಸಿಲಲ್ಲೇ ನಿಂತಿದ್ದ. ಅದಾದ ಮೇಲೆ ಲಿಂಗಸುಗೂರಿನದು ಬಂತು. ಅಲ್ಲಿ ಯಾರೂ ಇಲ್ಲವೆಂದು ಈಗಷ್ಟೇ ಹೇಳಿದ್ದೆ. ಆದರೂ ಹತ್ತಿ ಹೋದ.